ಕಂಪನಿ ಸ್ಪಾನ್ಸರ್‌ಶಿಪ್ ಮೇಲೆ ಪಿಆರ್: ಆಸ್ಟ್ರೇಲಿಯಾ, ಜರ್ಮನಿ, ಅಮೆರಿಕ, ಬ್ರಿಟನ್, ಯಾರಿಗೆ ಯಾವುದು?

2021ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ನನ್ನ ಕೆಲಸ ಹೋಯಿತು. 482 ವೀಸಾದಲ್ಲಿ, ಅಂದರೆ ಕಂಪನಿ ಸ್ಪಾನ್ಸರ್ ಆಗಿ ಕರೆಸಿಕೊಳ್ಳುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ, ಬಂದು 21 ತಿಂಗಳಾಗಿತ್ತು. ಆಗಿನ ನಿಯಮದಂತೆ ಒಂದೇ ಕಂಪನಿಯಲ್ಲಿ 3 ವರ್ಷ ದುಡಿದರೆ ಪಿಆರ್‌ಗೆ (ಖಾಯಂ ವಾಸದ ಹಕ್ಕಿಗೆ) ಅರ್ಜಿ ಹಾಕಬಹುದಿತ್ತು. ಕೆಲಸ ಹೋದ ದಿನವೇ ಆ 21 ತಿಂಗಳು ಸೊನ್ನೆಯಾಯಿತು. ಹೊಸ ಸ್ಪಾನ್ಸರ್ ಹುಡುಕಲು ಇದ್ದದ್ದು 60 ದಿನ. ಹೆಂಡತಿ ಆರು ತಿಂಗಳ ಬಸುರಿ, ಸರ್ಕಾರಿ ಆರೋಗ್ಯ ಸೌಲಭ್ಯ ನಮಗಿರಲಿಲ್ಲ, ಬಾಡಿಗೆ ಕರಾರು ಇನ್ನೂ ಎಂಟು ತಿಂಗಳು ಬಾಕಿ. ಐದನೇ ವಾರದಲ್ಲಿ ಒಂದು ಚಿಕ್ಕ ಕಂಪನಿ ನನ್ನನ್ನು ತಗೊಳ್ಳಲು ಒಪ್ಪಿತು. ಅವರ ನಾಮಿನೇಷನ್, ಅಂದರೆ ಈ ಕೆಲಸಕ್ಕೆ ಇವರು ಬೇಕು ಅಂತ ಕಂಪನಿ ಸರ್ಕಾರಕ್ಕೆ ಹಾಕುವ ಅರ್ಜಿ, ಮಂಜೂರಾದದ್ದು 57ನೇ ದಿನ. ಅಲ್ಲಿಂದ ಮತ್ತೆ ಒಂದರಿಂದ ಎಣಿಕೆ. 2023ರ ನವೆಂಬರ್ 25ರಂದು ಸರ್ಕಾರ ಆ 3 ವರ್ಷವನ್ನು 2ಕ್ಕೆ ಇಳಿಸಿತು, ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದೆ, ಮರುವರ್ಷ ಪಿಆರ್ ಬಂತು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ದೇಶ ಆರಿಸುವಾಗ ನಾವು ಸಂಬಳ ನೋಡುತ್ತೇವೆ, ಪಿಆರ್‌ಗೆ ಎಷ್ಟು ವರ್ಷ ಅಂತ ನೋಡುತ್ತೇವೆ, ಅಲ್ಲಿ ಯಾರು ಪರಿಚಯದವರಿದ್ದಾರೆ ಅಂತ ನೋಡುತ್ತೇವೆ. ಎಲ್ಲವೂ ಬೇಕು. ಆದರೆ ಕಂಪನಿಯ ಮೂಲಕ ಪಿಆರ್ ತಗೊಳ್ಳುವವರು ಇವಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಪಿಆರ್ ಕೈಗೆ ಬರುವವರೆಗೆ ನನ್ನ ಜುಟ್ಟು ಯಾರ ಕೈಯಲ್ಲಿರುತ್ತದೆ, ಎಷ್ಟು ಬಿಗಿಯಾಗಿ?

ಈ ಪ್ರಶ್ನೆಯನ್ನು ಬಿಡಿಸಿದರೆ ಮೂರಾಗುತ್ತದೆ. ಕೆಲಸ ಹೋದರೆ ಎಷ್ಟು ದಿನ ಸಿಗುತ್ತದೆ, ಅಲ್ಲಿಯವರೆಗೆ ದುಡಿದ ಕಾಲ ಲೆಕ್ಕಕ್ಕೆ ಉಳಿಯುತ್ತದಾ? ಕೊನೆಯ ಪಿಆರ್ ಅರ್ಜಿಯನ್ನು ನಾನೇ ಹಾಕುತ್ತೇನಾ, ಕಂಪನಿ ಮತ್ತೆ ಸಹಿ ಹಾಕಬೇಕಾ? ಹುಟ್ಟಿದ ದೇಶದ ಮೇಲೆ ಸಾಲು ಇದೆಯಾ? ಕೆಳಗಿನ ಹೋಲಿಕೆಯೆಲ್ಲ ಈ ಮೂರರ ಮೇಲೆಯೇ. ಅಂಕಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ವಾರ ಆಯಾ ಸರ್ಕಾರದ ವೆಬ್‌ಸೈಟ್ ನೋಡಿಯೇ ಹೆಜ್ಜೆ ಇಡಿ.

ಆಸ್ಟ್ರೇಲಿಯಾ: ಒಂದೇ ದೇಶ, ಮೂರು ದಾರಿ

ನಾನು ನಡೆದ ದಾರಿ ಇದಾದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹೆಚ್ಚಿನವರು ಬರುವುದು 482ರಲ್ಲಿ. 2024ರ ಡಿಸೆಂಬರ್ 7ರಿಂದ ಇದರ ಹೆಸರು 'ಸ್ಕಿಲ್ಸ್ ಇನ್ ಡಿಮಾಂಡ್', ನಂಬರ್ ಮಾತ್ರ ಹಳೆಯದೇ. ನಾಲ್ಕು ವರ್ಷದವರೆಗೆ ಸಿಗುತ್ತದೆ. ಮೊದಲು 2 ವರ್ಷದ ಅನುಭವ ಕೇಳುತ್ತಿದ್ದರು, ಈಗ ಕಳೆದ 5 ವರ್ಷದಲ್ಲಿ 1 ವರ್ಷದ್ದು ಸಾಕು. ನಿಮ್ಮ ಕೆಲಸ 456 ಉದ್ಯೋಗಗಳ ಪಟ್ಟಿಯಲ್ಲಿರಬೇಕು. ಸಂಬಳ 2025ರ ಜುಲೈ 1ರಿಂದ ವರ್ಷಕ್ಕೆ ಕನಿಷ್ಠ 76,515 ಆಸ್ಟ್ರೇಲಿಯನ್ ಡಾಲರ್ ಇರಬೇಕು. 1,41,210 ಡಾಲರ್‌ಗಿಂತ ಮೇಲಿದ್ದರೆ ಬೇರೆಯದೇ ಸ್ಟ್ರೀಮ್ ಇದೆ. ಅದಕ್ಕೆ ಆ ಪಟ್ಟಿಯ ಹಂಗಿಲ್ಲ.

ಆಫರ್ ಲೆಟರ್ ಬಂದಾಗ ಒಂದು ವಿಷಯ ಸರಿಯಾಗಿ ನೋಡಿ. ಈ 76,515 ಅನ್ನುವುದು ಸೂಪರ್ ಬಿಟ್ಟು. ಸೂಪರ್ ಅಂದರೆ ನಮ್ಮ ಪಿಎಫ್ ಥರ ಕಂಪನಿ ಕಟ್ಟುವ ನಿವೃತ್ತಿ ಹಣ, ಈಗ ಸಂಬಳದ 12%. 'ಒಟ್ಟು ಪ್ಯಾಕೇಜ್ 80,000' ಅಂತ ಬರೆದು ಅದರೊಳಗೇ ಸೂಪರ್ ಸೇರಿಸಿದ್ದರೆ ನಿಜವಾದ ಸಂಬಳ 71,000ದ ಹತ್ತಿರ ಬರುತ್ತದೆ. ನಾಮಿನೇಷನ್ ತಿರಸ್ಕಾರವಾಗಲು ಅಷ್ಟು ಸಾಕು.

482ರಿಂದ ಪಿಆರ್‌ಗೆ ಹೋಗುವುದು 186 ವೀಸಾದ ಮೂಲಕ. ಅರ್ಜಿಯ ಹಿಂದಿನ 3 ವರ್ಷಗಳಲ್ಲಿ 2 ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು. ಇಲ್ಲೇ ದೊಡ್ಡ ಬದಲಾವಣೆ ಆಗಿದೆ. 2024ರ ಡಿಸೆಂಬರ್ 7ರಿಂದ ಆ 2 ವರ್ಷ ಒಂದೇ ಕಂಪನಿಯದ್ದಾಗಬೇಕಿಲ್ಲ, ಮಾನ್ಯತೆ ಇರುವ ಯಾವ ಸ್ಪಾನ್ಸರ್ ಹತ್ತಿರ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಕೆಲಸ ಹೋದರೆ ಸಿಗುವ ಸಮಯವೂ 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ಇಡೀ ವೀಸಾ ಅವಧಿಗೆ ಒಟ್ಟು 365 ದಿನ ಆಗಿದೆ. ನನ್ನ ಕಾಲದಲ್ಲಿ ಈ ಎರಡು ನಿಯಮ ಇದ್ದಿದ್ದರೆ ಆ ವರ್ಷ ಬೇರೆಯೇ ಇರುತ್ತಿತ್ತು. ಈಗ ಬರುವವರ ಬಗ್ಗೆ ನನಗೆ ಮನಸಾರೆ ಸಂತೋಷವಿದೆ. ಹಳೆಯ ಅನುಭವದವರು ಹೆದರಿಸಿದರೆ ಅವರು ಹೇಳುತ್ತಿರುವುದು ಯಾವ ವರ್ಷದ ಕಥೆ ಅಂತ ಕೇಳಿ.

ಆದರೂ ಒಂದು ಗಂಟು ಬಿಚ್ಚಿಲ್ಲ. 186ಕ್ಕೆ ಕಂಪನಿ ಹೊಸದಾಗಿ ಇನ್ನೊಂದು ನಾಮಿನೇಷನ್ ಹಾಕಬೇಕು. ಅದಕ್ಕೆ ತರಬೇತಿ ನಿಧಿಗೆ ಸಣ್ಣ ಕಂಪನಿಯಾದರೆ 3,000 ಡಾಲರ್, ವರ್ಷಕ್ಕೆ 1 ಕೋಟಿ ಡಾಲರ್ ವಹಿವಾಟು ದಾಟಿದ ಕಂಪನಿಯಾದರೆ 5,000 ಡಾಲರ್ ಕಟ್ಟಬೇಕು. ಮುಂದೆ 2 ವರ್ಷ ನಿಮಗೆ ಕೆಲಸ ಇದೆ ಅಂತ ತೋರಿಸಬೇಕು. ಮಾಡಲೇಬೇಕು ಅಂತ ಕಾನೂನು ಅವರನ್ನು ಒತ್ತಾಯಿಸುವುದಿಲ್ಲ. ನೀವು ಎರಡು ವರ್ಷ ಚೆನ್ನಾಗಿ ದುಡಿದಿರಬಹುದು, ಹೊಸ ಮ್ಯಾನೇಜರ್ ಬಂದು 'ಈ ವರ್ಷ ಬಜೆಟ್ ಇಲ್ಲ' ಅಂದರೆ ಅಲ್ಲಿಗೆ ನಿಂತಿತು.

ಇನ್ನು ವಯಸ್ಸು. 186ಕ್ಕೆ ಅರ್ಜಿ ಹಾಕುವ ದಿನ ನಿಮಗೆ 45 ತುಂಬಿರಬಾರದು, ಕೆಲವೇ ವಿನಾಯಿತಿಗಳಿವೆ. 482ಕ್ಕೆ ವಯಸ್ಸಿನ ಮಿತಿ ಇಲ್ಲ. ಇದೇ ಮೋಸ ಹೋಗುವ ಜಾಗ. 43 ದಾಟಿದ ಮೇಲೆ 482ರಲ್ಲಿ ಬಂದರೆ 2 ವರ್ಷ ಮುಗಿಯುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಇಂಗ್ಲಿಷ್ ವಿಷಯದಲ್ಲೂ ಹಾಗೇ. 482ಕ್ಕೆ ಐಇಎಲ್‌ಟಿಎಸ್‌ನಲ್ಲಿ 5 ಸಾಕು, 186ಕ್ಕೆ ನಾಲ್ಕೂ ವಿಭಾಗದಲ್ಲಿ 6 ಬೇಕು. ಬರವಣಿಗೆಯಲ್ಲಿ 5.5ಕ್ಕೆ ನಿಂತು ಮತ್ತೆ ಮತ್ತೆ ಪರೀಕ್ಷೆ ಕಟ್ಟಿದವರನ್ನು, ಅದರಲ್ಲೂ ಅಡುಗೆ ಕೆಲಸದ ಗೆಳೆಯರನ್ನು, ಹತ್ತಿರದಿಂದ ನೋಡಿದ್ದೇನೆ. ಹದಿನಾಲ್ಕು ಗಂಟೆ ಒಲೆ ಮುಂದೆ ನಿಂತು ಬಂದು ರಾತ್ರಿ ಪ್ರಬಂಧ ಬರೆಯುವುದು ಸುಲಭವಲ್ಲ. ಊರಲ್ಲಿರುವಾಗಲೇ 6 ತಗೊಂಡು ಬನ್ನಿ.

ಎರಡನೇ ದಾರಿ, ನೇರ 186. ಕಂಪನಿ ಮೊದಲೇ ಪಿಆರ್‌ಗೆ ನಾಮಿನೇಟ್ ಮಾಡುತ್ತದೆ, ನೀವು ಇಳಿಯುವ ದಿನವೇ ಖಾಯಂ ನಿವಾಸಿ. ಸ್ಕಿಲ್ ಅಸೆಸ್‌ಮೆಂಟ್ (ನಿಮ್ಮ ಓದು, ಅನುಭವ ಪರಿಶೀಲಿಸಿ ವೃತ್ತಿ ಸಂಸ್ಥೆ ಕೊಡುವ ಪತ್ರ) ಬೇಕು, 3 ವರ್ಷದ ಅನುಭವ ಬೇಕು. ಐಟಿಯವರಿಗೆ ಎಸಿಎಸ್, ಎಂಜಿನಿಯರ್‌ಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸ್‌ಗಳಿಗೆ ಆನ್‌ಮ್ಯಾಕ್, ಹೀಗೆ ಒಂದೊಂದು ವೃತ್ತಿಗೆ ಒಂದೊಂದು ಸಂಸ್ಥೆ. ಕಂಪನಿಗಳಿಗೆ ಇದರಲ್ಲಿ ಉತ್ಸಾಹ ಕಡಿಮೆ, ಯಾಕೆಂದರೆ ಪಿಆರ್ ಬಂದ ಮೇಲೆ ನಿಮ್ಮನ್ನು ಹಿಡಿದಿಡಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಸಿಕ್ಕರೆ ಬಿಡಬೇಡಿ. ಸಿಗುತ್ತದೆ ಅಂತ ಕಾಯುತ್ತಲೂ ಕೂರಬೇಡಿ.

ಮೂರನೆಯದು 494. ಇದರ ಬಗ್ಗೆ ನಮ್ಮವರಲ್ಲಿ ಮಾತೇ ಕಡಿಮೆ, ನನಗೆ ತುಂಬ ಇಷ್ಟವಾದದ್ದು ಇದೇ. 2019ರ ನವೆಂಬರ್‌ನಲ್ಲಿ ಶುರುವಾದ ಪ್ರಾದೇಶಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆ ಬದುಕಿ ದುಡಿಯಬೇಕು. 'ಪ್ರಾದೇಶಿಕ' ಅಂದ ತಕ್ಷಣ ಕುರಿ ಮೇಯುವ ಬಯಲು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಆದರೆ ಅಡಿಲೇಡ್, ಪರ್ತ್, ಕ್ಯಾನ್‌ಬೆರಾ, ಹೋಬಾರ್ಟ್ ಎಲ್ಲವೂ ಈ ಲೆಕ್ಕದಲ್ಲಿ ಪ್ರಾದೇಶಿಕವೇ. ವೀಸಾ 5 ವರ್ಷದ್ದು. 3 ವರ್ಷ ಆದ ಮೇಲೆ 191 ಅನ್ನುವ ಪಿಆರ್‌ಗೆ ಅರ್ಜಿ ಹಾಕುತ್ತೀರಿ, ಅದಕ್ಕೆ 3 ವರ್ಷದ ತೆರಿಗೆ ನೋಟಿಸ್ ಕೊಡಬೇಕು, ಷರತ್ತು ಪಾಲಿಸಿರಬೇಕು. ಕಂಪನಿಯ ನಾಮಿನೇಷನ್ ಬೇಡ. ಕೊನೆಯ ಅರ್ಜಿ ಪೂರ್ತಿ ನಿಮ್ಮದು. ಜೊತೆಗೆ 482ರಲ್ಲಿರುವ ಭಾರತೀಯರಿಗೆ ಸಿಗದ ಮೆಡಿಕೇರ್, ಅಂದರೆ ಸರ್ಕಾರಿ ಆರೋಗ್ಯ ಸೌಲಭ್ಯ, 494ರವರಿಗೆ ಸಿಗುತ್ತದೆ. ಹೆರಿಗೆಯ ಬಿಲ್ ಕೈಯಿಂದ ಕಟ್ಟಿದವನಿಗೆ ಅದರ ಬೆಲೆ ಗೊತ್ತು.

ಇದಕ್ಕೂ ಮಿತಿಗಳಿವೆ. ಸ್ಕಿಲ್ ಅಸೆಸ್‌ಮೆಂಟ್, 3 ವರ್ಷದ ಅನುಭವ, ಐಇಎಲ್‌ಟಿಎಸ್ 6, 45ರೊಳಗಿನ ವಯಸ್ಸು, ಎಲ್ಲವೂ ಶುರುವಿನಲ್ಲೇ ಬೇಕು. 3 ವರ್ಷ ಆಗುವವರೆಗೆ 186, 189, 190ರಂಥ ಬೇರೆ ಪಿಆರ್‌ಗೆ ಹಾರಲು ಬಿಡುವುದಿಲ್ಲ. ಕೆಲಸ ಹೋದರೆ ಇಲ್ಲೂ 180 ದಿನವೇ, ಆದರೆ ಹೊಸ ಸ್ಪಾನ್ಸರ್ ಪ್ರಾದೇಶಿಕ ಊರಿನವರೇ ಆಗಿರಬೇಕು. ಸಣ್ಣ ಊರಾದರೆ ನಿಮ್ಮ ಕೆಲಸಕ್ಕೆ ಅಲ್ಲಿ ಇರುವುದೇ ಎರಡು ಕಂಪನಿ ಅಂತಾಗಬಹುದು. ಅದಕ್ಕೇ 494 ತಗೊಳ್ಳುವುದಾದರೆ ಅಡಿಲೇಡ್ ಅಥವಾ ಪರ್ತ್‌ನಲ್ಲಿ ತಗೊಳ್ಳಿ ಅನ್ನುತ್ತೇನೆ.

ಇನ್ನೊಂದು ಮಾತು. ಆಸ್ಟ್ರೇಲಿಯಾದಲ್ಲಿ ವಯಸ್ಸು, ಓದು, ಅನುಭವಕ್ಕೆ ಅಂಕ ಕೊಡುವ ಪಾಯಿಂಟ್ ದಾರಿಯೂ ಇದೆ, 189 ಮತ್ತು 190, ಅದಕ್ಕೆ ಕಂಪನಿಯೇ ಬೇಡ. ಸ್ಕಿಲ್‌ಸೆಲೆಕ್ಟ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಆಸಕ್ತಿ ನಮೂದಿಸಲು ದುಡ್ಡಿಲ್ಲ, 2 ವರ್ಷ ಜೀವಂತವಾಗಿರುತ್ತದೆ. 482ರಲ್ಲಿ ದುಡಿಯುತ್ತಿದ್ದರೂ ಅದನ್ನೊಂದು ಹಾಕಿಡಿ. ನಾನು ಹಾಕಿರಲಿಲ್ಲ, ಕಂಪನಿ ಮಾಡುತ್ತದಲ್ಲ ಅಂತ ಸುಮ್ನೆ ಇದ್ದೆ.

ಜರ್ಮನಿ: ಕಂಪನಿ ಕೆಲಸ ಕೊಟ್ಟರೆ ಸಾಕು

ಜರ್ಮನಿಯನ್ನು ಸ್ಪಾನ್ಸರ್‌ಶಿಪ್ ಪಟ್ಟಿಗೆ ಸೇರಿಸುತ್ತಿದ್ದರೂ ಅಲ್ಲಿ ಆಸ್ಟ್ರೇಲಿಯಾ, ಬ್ರಿಟನ್‌ಗಳ ಅರ್ಥದಲ್ಲಿ ಸ್ಪಾನ್ಸರ್ ಅನ್ನುವವರಿಲ್ಲ. ಕಂಪನಿಗೆ ಸ್ಪಾನ್ಸರ್ ಲೈಸನ್ಸ್ ಬೇಡ, ನಿಧಿಗೆ ದುಡ್ಡು ಕಟ್ಟಬೇಕಾಗಿಲ್ಲ. ಅವರು ಕೆಲಸದ ಕರಾರು ಕೊಡುತ್ತಾರೆ, ಅದನ್ನು ಹಿಡಿದು ಬ್ಲೂ ಕಾರ್ಡ್‌ಗೆ (ಓದಿದ ಕುಶಲ ಕೆಲಸಗಾರರ ವಾಸದ ಪರವಾನಗಿಗೆ) ಅರ್ಜಿ ಹಾಕುವುದು ನೀವು. 2026ಕ್ಕೆ ವರ್ಷದ ಸಂಬಳ 50,700 ಯೂರೋ ಇರಬೇಕು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಕೊರತೆ ಇರುವ ವೃತ್ತಿಗಳಿಗೆ 45,934 ಯೂರೋ ಸಾಕು. 2023ರ ನವೆಂಬರ್‌ನಿಂದ ಡಿಗ್ರಿ ಇಲ್ಲದ ಐಟಿಯವರಿಗೂ, ಕಳೆದ 7 ವರ್ಷದಲ್ಲಿ 3 ವರ್ಷದ ಒಳ್ಳೆಯ ಅನುಭವ ಇದ್ದರೆ, ಬ್ಲೂ ಕಾರ್ಡ್ ಸಿಗುತ್ತದೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ನಮ್ಮ ಎಷ್ಟೋ ಹುಡುಗರಿಗೆ ಇದು ದೊಡ್ಡ ಬಾಗಿಲು.

ಪಿಆರ್‌ಗೆ 27 ತಿಂಗಳು, ಜರ್ಮನ್ ಭಾಷೆ ಎ1 (ಆರಂಭದ) ಮಟ್ಟಕ್ಕಿದ್ದರೆ. ಬಿ1 (ಮಧ್ಯಮ ಮಟ್ಟ) ಇದ್ದರೆ 21 ತಿಂಗಳು. ಅಷ್ಟೂ ತಿಂಗಳು ಪೆನ್ಶನ್ ವಂತಿಗೆ ಕಟ್ಟಿರಬೇಕು. ಬೇರೆ ಕಂಪನಿಗೆ ಹೋದರೂ ಎಣಿಕೆ ಮುಂದುವರಿಯುತ್ತದೆ. ಮೊದಲ 12 ತಿಂಗಳಲ್ಲಿ ಕೆಲಸ ಬದಲಾಯಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು, ಅದಾದ ಮೇಲೆ ನಿಮ್ಮಿಷ್ಟ. ಹೆಂಡತಿಗೋ ಗಂಡನಿಗೋ ಮೊದಲ ದಿನದಿಂದ ಕೆಲಸ ಮಾಡುವ ಹಕ್ಕಿದೆ. ಬ್ಲೂ ಕಾರ್ಡ್‌ನವರ ಸಂಗಾತಿಗೆ ವೀಸಾ ಹಂತದಲ್ಲಿ ಜರ್ಮನ್ ಪರೀಕ್ಷೆ ಕೇಳುವುದಿಲ್ಲ. ಒಂದು ವರ್ಷ ವಿಮೆ ಕಟ್ಟಿ ಆಮೇಲೆ ಕೆಲಸ ಹೋದರೆ ಕೈಗೆ ಬರುತ್ತಿದ್ದ ಸಂಬಳದ 60%, ಮಗು ಇದ್ದರೆ 67% ನಿರುದ್ಯೋಗ ಭತ್ಯೆಯೂ ಸಿಗುತ್ತದೆ. ನನ್ನ ಮೂರು ಪ್ರಶ್ನೆಗೂ ಇದಕ್ಕಿಂತ ಒಳ್ಳೆಯ ಉತ್ತರ ಕೊಡುವ ದೇಶ ಈ ಪಟ್ಟಿಯಲ್ಲಿಲ್ಲ.

ಹಾಗಾದರೆ ಎಲ್ಲರೂ ಜರ್ಮನಿಗೇ ಯಾಕೆ ಹೋಗುವುದಿಲ್ಲ? ಭಾಷೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯಬಹುದು, ಮಗುವಿನ ಶಿಶುವಿಹಾರ, ಆಸ್ಪತ್ರೆ, ಮನೆ ಮಾಲೀಕರ ಪತ್ರ, ತೆರಿಗೆ ಕಚೇರಿಯ ಪತ್ರ ಎಲ್ಲವೂ ಜರ್ಮನ್. ದೊಡ್ಡ ಊರುಗಳಲ್ಲಿ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್‌ಗೇ ತಿಂಗಳುಗಟ್ಟಲೆ ಕಾಯುತ್ತಾರೆ. ಭಾಷೆ ಕಲಿಯುವ ಮನಸ್ಸಿಲ್ಲದವರು ಅಲ್ಲಿ ಪಿಆರ್ ತಗೊಂಡೂ ಒಂಟಿಯಾಗುತ್ತಾರೆ, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹೋಗುವ ಆಸೆ ಇದ್ದರೆ ಆಫರ್ ಬರುವುದಕ್ಕೆ ಮುಂಚೆಯೇ ಕ್ಲಾಸಿಗೆ ಸೇರಿ. ಬೆಂಗಳೂರಿನವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಬೇರೆ ಊರಿನವರಿಗೆ ಆನ್‌ಲೈನ್ ಇದೆ. ಊರಲ್ಲೇ ಎ2 ಮುಗಿಸಿ ಹೋದವರಿಗೆ 21 ತಿಂಗಳಲ್ಲಿ ಬಿ1 ಕಷ್ಟವಲ್ಲ. ಜೊತೆಗೆ ಅನಾಬಿನ್ ಅನ್ನುವ ಸರ್ಕಾರಿ ದತ್ತಾಂಶದಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಎಚ್+ (ಮಾನ್ಯತೆಯ ಗುರುತು) ಅಂತ ಇದೆಯಾ, ನಿಮ್ಮ ಡಿಗ್ರಿಯ ಹೆಸರು ಇದೆಯಾ ನೋಡಿಕೊಳ್ಳಿ. ಅದಿಲ್ಲದಿದ್ದರೆ ಪ್ರತ್ಯೇಕ ಸಮಾನತೆಯ ಪತ್ರ ತರಿಸಬೇಕು.

ನರ್ಸ್‌ಗಳಿಗೆ ಮಾತ್ರ ಬೇರೆ ಲೆಕ್ಕ. ಅವರಿಗೆ ವೃತ್ತಿ ಮಾನ್ಯತೆ ಬೇಕು, ಭಾಷೆ ಬಿ1-ಬಿ2 ಮಟ್ಟದ್ದು ಬೇಕು, ಸಾಮಾನ್ಯ ಕುಶಲ ಕೆಲಸಗಾರರ ಪರವಾನಗಿಯಲ್ಲಿ ಪಿಆರ್‌ಗೆ 3 ವರ್ಷ.

ಅಮೆರಿಕ: ಹುಟ್ಟಿದ ಊರೇ ತೀರ್ಮಾನಿಸುವ ಸಾಲು

ಇಲ್ಲಿ ಮನಸ್ಸು ನೋಯಿಸುವ ಮಾತು ಹೇಳಬೇಕಾಗುತ್ತದೆ. ಪಿಆರ್ ನಿಮ್ಮ ಗುರಿಯಾಗಿದ್ದರೆ, ನೀವು ಭಾರತದಲ್ಲಿ ಹುಟ್ಟಿದವರಾಗಿದ್ದರೆ, ಇವತ್ತು ಹೊಸದಾಗಿ ಎಚ್-1ಬಿ ದಾರಿ ಹಿಡಿಯಬೇಡಿ.

ಲೆಕ್ಕ ಸರಳ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಹೆಂಡತಿ ಮಕ್ಕಳೂ ಸೇರಿದರು. 1990ರ ಕಾನೂನಿನಂತೆ ಒಂದು ದೇಶದಲ್ಲಿ ಹುಟ್ಟಿದವರಿಗೆ 7%ಕ್ಕಿಂತ ಜಾಸ್ತಿ ಇಲ್ಲ. 140 ಕೋಟಿ ಜನರ ಭಾರತಕ್ಕೂ ಅಷ್ಟೇ, ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಅಷ್ಟೇ. ಬೇರೆಯವರು ಬಳಸದೆ ಉಳಿದದ್ದು ಹರಿದುಬಂದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. 2025ರಲ್ಲಿ ಇಬಿ-2ರ (ಉನ್ನತ ಡಿಗ್ರಿಯವರ ಗ್ರೀನ್ ಕಾರ್ಡ್ ವರ್ಗದ) ಭಾರತದ ಸಾಲು 2012-13ರಲ್ಲಿ ಅರ್ಜಿ ಹಾಕಿದವರ ಹತ್ತಿರ ನಡೆಯುತ್ತಿತ್ತು. ಅಂದರೆ 2012-13ರಲ್ಲಿ ಸಾಲಿಗೆ ನಿಂತವರ ಸರದಿ ಬಂದದ್ದು 2025ರಲ್ಲಿ. ಅವರ ಹಿಂದೆ ಪ್ರತಿ ವರ್ಷ ಸೇರಿಕೊಂಡವರ ಸಂಖ್ಯೆ ನೋಡಿದರೆ ಇವತ್ತು ಸೇರುವವರ ಸರದಿ ಅವರ ದುಡಿಯುವ ವಯಸ್ಸಿನೊಳಗೆ ಬರುವುದೇ ಅನುಮಾನ. ಮಗು ಜೊತೆಗೆ ಹೋದರೆ 21 ತುಂಬಿದ ಮೇಲೆ ಅವರು ನಿಮ್ಮ ಅರ್ಜಿಯಿಂದ ಹೊರಗೆ. ಅಲ್ಲೇ ಶಾಲೆ ಓದಿ, ಅಲ್ಲಿಯ ಮಾತಾಡುವ ಮಗುವಿಗೆ ವಿದ್ಯಾರ್ಥಿ ವೀಸಾ ಹುಡುಕುವ ಅಪ್ಪ ಅಮ್ಮಂದಿರ ಸಂಕಟ ಯಾರಿಗೂ ಬೇಡ.

ಕೆಲಸ ಹೋದರೆ 60 ದಿನ. ಕಾರ್ಮಿಕ ಪ್ರಮಾಣಪತ್ರ (ಆ ಕೆಲಸಕ್ಕೆ ಅಲ್ಲಿಯವರು ಸಿಗಲಿಲ್ಲ ಅನ್ನುವುದಕ್ಕೆ), ಐ-140 (ನಿಮ್ಮ ಗ್ರೀನ್ ಕಾರ್ಡ್‌ಗಾಗಿ ಕಂಪನಿಯ ಅರ್ಜಿ) ಎರಡನ್ನೂ ಕಂಪನಿಯೇ ಹಾಕಬೇಕು. 2025ರ ಸೆಪ್ಟೆಂಬರ್‌ನಿಂದ ಹೊರದೇಶದಿಂದ ಬರುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಅನ್ನುವ ಆದೇಶವೂ ಬಂದಿದೆ. ಒಂದು ಒಳ್ಳೆಯದಿದೆ: ಐ-140 ಮಂಜೂರಾಗಿ 180 ದಿನ ದಾಟಿದರೆ ಕಂಪನಿ ಆಮೇಲೆ ಹಿಂತೆಗೆದರೂ ಆ ಮಂಜೂರಾತಿ ರದ್ದಾಗುವುದಿಲ್ಲ, ಸಾಲಿನ ದಿನಾಂಕವೂ ನಿಮ್ಮದಾಗಿಯೇ ಉಳಿಯುತ್ತದೆ. ಈಗಾಗಲೇ ಅಲ್ಲಿರುವವರು ಆ 180 ದಿನದೊಳಗೆ ಕೆಲಸ ಬದಲಾಯಿಸಬೇಡಿ.

ಕರಾವಳಿಯವರು ಇದನ್ನು ಎರಡು ಸಲ ಓದಿ. ಸಾಲು ನಿರ್ಧಾರವಾಗುವುದು ಪಾಸ್‌ಪೋರ್ಟ್ ಮೇಲಲ್ಲ, ಹುಟ್ಟಿದ ಜಾಗದ ಮೇಲೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಮಕ್ಕಳು ಹುಟ್ಟಿದ್ದು ಕುವೈತ್‌ನಲ್ಲಿ, ಮಸ್ಕತ್‌ನಲ್ಲಿ, ದುಬೈಯಲ್ಲಿ. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ, ಆದರೆ ಗ್ರೀನ್ ಕಾರ್ಡ್ ಲೆಕ್ಕದಲ್ಲಿ ಅವರು ಕುವೈತ್‌ನ, ಒಮಾನ್‌ನ, ಎಮಿರೇಟ್ಸ್‌ನ ಪಾಲಿಗೆ ಬರುತ್ತಾರೆ, ಅಲ್ಲಿ ಈ ಉದ್ದದ ಸಾಲಿಲ್ಲ. ನೀವು ಶಿವಮೊಗ್ಗದಲ್ಲೇ ಹುಟ್ಟಿರಿ, ನಿಮ್ಮ ಹೆಂಡತಿಯೋ ಗಂಡನೋ ಮಸ್ಕತ್‌ನಲ್ಲಿ ಹುಟ್ಟಿದ್ದರೆ ಅವರ ಸಾಲನ್ನು ನೀವೂ ಬಳಸಬಹುದು. ಅಂಥವರು ಅಲ್ಲಿಯ ಮೂಲ ಜನನ ಪ್ರಮಾಣಪತ್ರವನ್ನು ಜೋಪಾನ ಮಾಡಿ, ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿ.

ಕಂಪನಿಯೊಳಗಿಂದಲೇ ಮ್ಯಾನೇಜರ್ ಆಗಿ ಎಲ್-1ಎಯಲ್ಲಿ ಹೋಗುವವರಿಗೆ ಇಬಿ-1ಸಿ ಇದೆ. ಅದಕ್ಕೂ ಭಾರತೀಯರಿಗೆ ಸಾಲಿದೆ, ಉದ್ದ ಕಡಿಮೆ.

ಬ್ರಿಟನ್ ಮತ್ತು ಕೆನಡಾ, ಸ್ವಲ್ಪದರಲ್ಲಿ

ಬ್ರಿಟನ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ 5 ವರ್ಷ ಇದ್ದರೆ ಖಾಯಂ ವಾಸಕ್ಕೆ ಅರ್ಜಿ, ಕಂಪನಿ ಬದಲಾದರೂ ವರ್ಷ ಕೂಡುತ್ತದೆ, ಇದು ನಾವೆಲ್ಲ ಕೇಳಿಕೊಂಡು ಬಂದ ಮಾತು. ಆದರೆ 2025ರ ಮೇ ತಿಂಗಳಲ್ಲಿ ಸರ್ಕಾರ ಆ 5ನ್ನು 10ಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಜುಲೈ 22ರಿಂದ ಸಂಬಳದ ಸಾಮಾನ್ಯ ಮಿತಿ 41,700 ಪೌಂಡ್ ಆಯಿತು, ಹೊಸಬರಿಗೆ ಡಿಗ್ರಿ ಮಟ್ಟದ ಕೆಲಸವೇ ಬೇಕು ಅಂತಾಯಿತು, ಹೊರದೇಶದಿಂದ ಆರೈಕೆ ಕೆಲಸಗಾರರನ್ನು ಕರೆಸುವುದು ನಿಂತಿತು. ಆರೋಗ್ಯ ಶುಲ್ಕವೇ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್, ಇಡೀ ವೀಸಾ ಅವಧಿಯದ್ದನ್ನು ಒಟ್ಟಿಗೆ ಕಟ್ಟಬೇಕು. ಆರೋಗ್ಯ ಮತ್ತು ಆರೈಕೆ ವೀಸಾದ ನರ್ಸ್‌ಗಳಿಗೆ ಇದರಿಂದ ವಿನಾಯಿತಿ ಇದೆ. ನರ್ಸ್, ಡಾಕ್ಟರ್ ಆಗಿದ್ದರೆ ಬ್ರಿಟನ್ ಇನ್ನೂ ಯೋಚಿಸುವಂಥದ್ದೇ. ಐಟಿಯವರಿಗೆ ಪಿಆರ್ ದೃಷ್ಟಿಯಿಂದ ನಾನು ಈಗ ಹೇಳುವುದಿಲ್ಲ.

ಕೆನಡಾದಲ್ಲಿ ಮುಖ್ಯ ದಾರಿ ಪಾಯಿಂಟ್‌ಗಳದ್ದು, ಕಂಪನಿಯದ್ದಲ್ಲ. ಮೊದಲು ಕೆಲಸದ ಆಫರ್‌ಗೆ 50 ಅಥವಾ 200 ಪಾಯಿಂಟ್ ಸಿಗುತ್ತಿತ್ತು, ನಕಲಿ ಆಫರ್ ಮಾರುವ ದಂಧೆ ಬೆಳೆದು 2025ರ ಮಾರ್ಚ್ 25ರಿಂದ ಅದನ್ನು ತೆಗೆದರು. ಈಗಲೂ 'ಎಲ್‌ಎಂಐಎ (ಹೊರದೇಶದವರನ್ನು ತಗೊಳ್ಳಲು ಕಂಪನಿಗೆ ಬೇಕಾದ ಸರ್ಕಾರಿ ಒಪ್ಪಿಗೆ) ಕೊಡಿಸುತ್ತೇನೆ, ಪಾಯಿಂಟ್ ಬರುತ್ತದೆ' ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ನಿಜವಾಗಿ ಕಂಪನಿ ಮೂಲಕ ಹೋಗುವುದಾದರೆ ಪೂರ್ವದ ನಾಲ್ಕು ಸಣ್ಣ ಪ್ರಾಂತ್ಯಗಳ ಅಟ್ಲಾಂಟಿಕ್ ಯೋಜನೆ ನೋಡಿ.

ದುಡ್ಡು ಯಾರು ಕಟ್ಟಬೇಕು

ಈ ವಿಷಯದಲ್ಲಿ ನಮ್ಮವರು ತುಂಬ ಕಳಕೊಂಡಿದ್ದಾರೆ, ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಸ್ಪಾನ್ಸರ್‌ಶಿಪ್ ಮಾರಾಟಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ತರಬೇತಿ ನಿಧಿಯ ಹಣವನ್ನು ಕಂಪನಿ ನಿಮ್ಮಿಂದ ವಸೂಲಿ ಮಾಡುವಂತಿಲ್ಲ. 2015ರ ಡಿಸೆಂಬರ್‌ನಿಂದ ಸ್ಪಾನ್ಸರ್ ಮಾಡಲು ದುಡ್ಡು ಕೇಳುವುದೂ ಕಾನೂನುಬಾಹಿರ, ಕೊಡುವುದೂ ಕಾನೂನುಬಾಹಿರ. ಕೊಟ್ಟವರ ವೀಸಾವೂ ರದ್ದಾಗಬಹುದು. ಅಮೆರಿಕದಲ್ಲಿ ಕಾರ್ಮಿಕ ಪ್ರಮಾಣಪತ್ರದ ಖರ್ಚು, ವಕೀಲರ ಫೀಸೂ ಸೇರಿ, ಕಂಪನಿಯದ್ದೇ. ಕೆನಡಾದಲ್ಲಿ ಎಲ್‌ಎಂಐಎಯ 1,000 ಡಾಲರ್ ಕಂಪನಿಯದ್ದು. ಬ್ರಿಟನ್‌ನಲ್ಲಿ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರದ ಶುಲ್ಕವನ್ನು ಕೆಲಸಗಾರನ ಮೇಲೆ ಹಾಕುವಂತಿಲ್ಲ. ಸಂಬಳ ಪೂರ್ತಿ ಬ್ಯಾಂಕಿಗೆ ಹಾಕಿ ಅದರಲ್ಲಿ ಒಂದು ಪಾಲನ್ನು ನಗದಾಗಿ ವಾಪಸ್ ಕೇಳುವವರಿದ್ದಾರೆ. ಅದೂ ಇದೇ ಅಪರಾಧ. ನಿಮ್ಮ ಸ್ವಂತ ವೀಸಾ ಶುಲ್ಕ, ಭಾಷಾ ಪರೀಕ್ಷೆ, ಮೆಡಿಕಲ್, ಸ್ಕಿಲ್ ಅಸೆಸ್‌ಮೆಂಟ್, ಇವು ನಿಮ್ಮದಾಗಬಹುದು.

ಭಾರತದಲ್ಲಿ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟ್‌ಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇರಬೇಕು, ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. ಅವರು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತು ಹದಿನೈದು ಲಕ್ಷ ಕೇಳಿ ಜಮೀನು ಅಡವಿಡಿಸುವವರು ಯಾರು ಅಂತ ಇನ್ನು ನಾನು ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ವೀಸಾ ಸಲಹೆಗಾರರಿಗೆ ಏಳು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳಿ, ಸರ್ಕಾರಿ ಪಟ್ಟಿಯಲ್ಲಿ ನೀವೇ ಹಾಕಿ ನೋಡಿ.

ಊರಲ್ಲಿ ಅಪ್ಪ ಅಮ್ಮ ಇದ್ದರೆ

ಇದನ್ನು ಯಾವ ಕನ್ಸಲ್ಟೆಂಟೂ ಹೇಳುವುದಿಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಆರೆಂಟು ತಿಂಗಳು ಊರಿಗೆ ಬಂದು ಕೂರಬೇಕಾದರೆ ಏನಾಗುತ್ತದೆ? 482ರಲ್ಲಿರುವಾಗ ಸಂಬಳವಿಲ್ಲದ ದೀರ್ಘ ರಜೆ ಹಾಕಿದರೆ ಆ ತಿಂಗಳುಗಳು 2 ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್‌ನಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ಎಣಿಕೆ ಮುರಿಯುತ್ತದೆ. ಪಿಆರ್ ಸಿಕ್ಕ ಮೇಲೂ ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯ ಪಿಆರ್ ಸಾಮಾನ್ಯವಾಗಿ 6 ತಿಂಗಳು ಹೊರಗಿದ್ದರೆ ಹೋಗುತ್ತದೆ, ಬ್ಲೂ ಕಾರ್ಡ್‌ನಿಂದ ಬಂದವರಿಗೆ 12 ತಿಂಗಳು. ಅಮೆರಿಕದಲ್ಲಿ ಮರುಪ್ರವೇಶದ ಅನುಮತಿ ಇಲ್ಲದೆ ಒಂದು ವರ್ಷ ದಾಟಿದರೆ ತೊಂದರೆ. ಬ್ರಿಟನ್‌ನಲ್ಲಿ 2 ವರ್ಷ. ಆಸ್ಟ್ರೇಲಿಯಾದಲ್ಲಿ ಮೊದಲ 5 ವರ್ಷ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಆ ಐದರಲ್ಲಿ ಒಟ್ಟು 2 ವರ್ಷ ಅಲ್ಲಿದ್ದರೆ ಮತ್ತೆ 5 ವರ್ಷಕ್ಕೆ ಸುಲಭವಾಗಿ ನವೀಕರಣ. ವಯಸ್ಸಾದ ಅಪ್ಪ ಅಮ್ಮನಿಗೆ ಒಬ್ಬರೇ ಮಗನೋ ಮಗಳೋ ಆಗಿದ್ದವರಿಗೆ ಈ ಒಂದು ಕಾರಣಕ್ಕೇ ಆಸ್ಟ್ರೇಲಿಯಾ ಮುಂದೆ ನಿಲ್ಲುತ್ತದೆ.

ನನ್ನನ್ನು ಕೇಳಿದರೆ

30ರೊಳಗಿನ ಐಟಿ ಅಥವಾ ಎಂಜಿನಿಯರಿಂಗ್‌ನವರು, ಭಾಷೆ ಕಲಿಯಲು ತಯಾರಿದ್ದರೆ, ಜರ್ಮನಿ. ಭಾಷೆ ಬೇಡ, ಮಕ್ಕಳು ಚಿಕ್ಕವರು, 40ರೊಳಗಿದ್ದೇವೆ ಅಂದರೆ ಆಸ್ಟ್ರೇಲಿಯಾ, ಅದರಲ್ಲೂ ಅಡಿಲೇಡ್ ಅಥವಾ ಪರ್ತ್‌ನ 494 ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. 43 ದಾಟಿದವರು 482ರ ಆಫರ್‌ಗೆ ಮನೆ ಮಾರಿ ಹೊರಡಬೇಡಿ, ನೇರ 186 ಸಿಗುತ್ತದಾ ಕೇಳಿ, ಇಲ್ಲದಿದ್ದರೆ ಜರ್ಮನಿ ನೋಡಿ. ಅಲ್ಲಿ 45 ದಾಟಿದರೂ ಬ್ಲೂ ಕಾರ್ಡ್ ಸಿಗುತ್ತದೆ. ಗಲ್ಫ್‌ನಲ್ಲಿ ಹುಟ್ಟಿದವರು ಮಾತ್ರ ಅಮೆರಿಕವನ್ನು ಪಿಆರ್‌ಗಾಗಿ ಯೋಚಿಸಿ. ನಾಲ್ಕೈದು ವರ್ಷ ದುಡಿದು ವಾಪಸ್ ಬರುವ ಮನಸ್ಸಿದ್ದರೆ ಅದು ಬೇರೆ ಮಾತು, ಆಗ ಅಮೆರಿಕಕ್ಕೆ ಹೋಗುವುದರಲ್ಲಿ ತಪ್ಪಿಲ್ಲ.

ಆಫರ್‌ಗೆ ಸಹಿ ಹಾಕುವ ಮುಂಚೆ ಎಚ್‌ಆರ್‌ಗೆ ಒಂದು ಇಮೇಲ್ ಬರೆಯಿರಿ. ಪಿಆರ್‌ಗೆ ಯಾವ ತಿಂಗಳಲ್ಲಿ ನಾಮಿನೇಟ್ ಮಾಡುತ್ತೀರಿ, ಯಾವ ಖರ್ಚು ನಿಮ್ಮದು, ಮಧ್ಯದಲ್ಲಿ ನಾನು ಬಿಟ್ಟರೆ ಏನನ್ನು ವಾಪಸ್ ಕೇಳುತ್ತೀರಿ? ಉತ್ತರ ಬಾಯಲ್ಲಿ ಬಂದರೆ 'ದಯವಿಟ್ಟು ಬರವಣಿಗೆಯಲ್ಲಿ ಕೊಡಿ' ಅನ್ನಿ. ಕೇಳಿದ್ದಕ್ಕೆ ಆಫರ್ ಹಿಂತೆಗೆದುಕೊಂಡ ಒಳ್ಳೆಯ ಕಂಪನಿಯನ್ನು ನಾನು ನೋಡಿಲ್ಲ. ನನ್ನ ಎರಡನೇ ಕಂಪನಿ ಎರಡು ಸಾಲಿನ ಉತ್ತರ ಕೊಟ್ಟಿತ್ತು, 2023ರ ಡಿಸೆಂಬರ್‌ನಲ್ಲಿ ಹೊಸ ಮ್ಯಾನೇಜರ್ ಮುಂದೆ ನಾನು ಇಟ್ಟದ್ದು ಅದನ್ನೇ.

ಇವತ್ತೇ ಮಾಡಬಹುದಾದದ್ದು ಹೆಸರಿನ ಕೆಲಸ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದೆ 'ಗಂಡು ಮಗು' ಅಂತ ಇರುವುದು ಸಾಮಾನ್ಯ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅದನ್ನು ಮೊದಲು ತುಂಬಿಸಿ, ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಿ, ಆಮೇಲೆ ಇಂಗ್ಲಿಷ್ ಪರೀಕ್ಷೆಗೆ ಹೆಸರು ಕೊಡಿ. ಹಳೆಯ ಕಂಪನಿಗಳಿಂದ ಕೆಲಸದ ವಿವರ ಇರುವ ಪತ್ರ, ಪೇಸ್ಲಿಪ್, ಫಾರ್ಮ್ 16 ಈಗಲೇ ತರಿಸಿಟ್ಟುಕೊಳ್ಳಿ. ನನ್ನ ಮೊದಲ ಬೆಂಗಳೂರು ಕಂಪನಿ ಮುಚ್ಚಿಹೋಗಿತ್ತು. ಅಲ್ಲಿಯ ಎರಡು ವರ್ಷದ ಅನುಭವಕ್ಕೆ ಸಾಕ್ಷಿಯಾಗಿ ಉಳಿದಿದ್ದದ್ದು ಅಮ್ಮ ಟ್ರಂಕಿನಲ್ಲಿ ಕಟ್ಟಿಟ್ಟಿದ್ದ ಪೇಸ್ಲಿಪ್‌ಗಳು ಮತ್ತು ಒಂದು ಫಾರ್ಮ್ 16.